ಆ ಹುಡುಗಿಯ ಹೆಸರೇನು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕಲ್ಯಾಣ ಕ್ರಾಂತಿ ಎಂದರೆ ಒಂದು ಅಂಕದ ಪ್ರಶ್ನೆ. ಹನ್ನೆರಡನೇ ಶತಮಾನ, ಕಲಚುರಿ ದೊರೆ ಬಿಜ್ಜಳ, ಭಂಡಾರಿ ಬಸವಣ್ಣ. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಹೆಣ್ಣುಮಕ್ಕಳ ಪಾಲೇನು ಎಂದರೆ ಅಕ್ಕಮಹಾದೇವಿಯ ಹೆಸರು ಬರೆದು ಸುಮ್ಮನಾಗುತ್ತೇವೆ.

ಆದರೆ ಆ ಕಾಲವನ್ನು ಸ್ವಲ್ಪ ಯೋಚಿಸಿ. ದೊರೆಯ ಮಾತೇ ಕಾನೂನಾಗಿದ್ದ ದಿನಗಳಲ್ಲಿ 30ಕ್ಕೂ ಹೆಚ್ಚು ಹೆಂಗಸರು ಕನ್ನಡದಲ್ಲಿ ವಚನ ರಚಿಸಿದರು. ಅಕ್ಕ ಕೌಶಿಕ ರಾಜನ ಅರಮನೆಯನ್ನೇ ಬಿಟ್ಟು ನಡೆದಳು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರಲು ಕಳಿಸಿದಳು. ಅಂಗಳ ಗುಡಿಸುವ ಸತ್ಯಕ್ಕ, ಮೈಯ ಗುರುತು ನೋಡಿ ಹೆಣ್ಣು-ಗಂಡೆಂದು ಅಳೆಯುವುದನ್ನೇ ಒಪ್ಪಲಿಲ್ಲ. ಸ್ತ್ರೀವಾದ ಎಂಬ ಪದ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮುಂಚಿನ ಮಾತಿದು.

ಮಾತು ಮಾತಾಗಿದ್ದಷ್ಟು ದಿನ ಕಲ್ಯಾಣ ನಡೆಯಿತು. ಉರಿದದ್ದು ಒಂದು ಮದುವೆಗೆ. ಬ್ರಾಹ್ಮಣ ಮೂಲದ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಪರಂಪರೆಯ ಪ್ರಕಾರ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು. ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು. ಯಾರ ಮಗಳು ಯಾರ ಮನೆ ಸೇರಬೇಕು ಎಂಬ ಕಟ್ಟಿನ ಮೇಲೆ ಜಾತಿ ನಿಂತಿದೆ, ಜಾತಿಯ ಮೇಲೆ ಅಂದಿನ ರಾಜ್ಯ ನಿಂತಿತ್ತು. ಸಿಂಹಾಸನ ಬೆದರಿದ್ದು ಅದಕ್ಕೇ.

ಇನ್ನೊಂದು ವಿಷಯ ಗಮನಿಸಿ. ಅಪ್ಪಂದಿರ ಹೆಸರು ನಮಗೆಲ್ಲ ಬಾಯಿಪಾಠ. ಹುಡುಗಿಯ ಹೆಸರು? ಒಂದು ಕಡೆ ಲಾವಣ್ಯ, ಗಿರೀಶ ಕಾರ್ನಾಡರ 'ತಲೆದಂಡ'ದಲ್ಲಿ ಕಲಾವತಿ. ಆಕೆಗೆ ಈ ಮದುವೆ ಇಷ್ಟವಿತ್ತೇ ಎಂದು ನಾನು ಓದಿದ ಯಾವ ಗೈಡೂ ಕೇಳಿಲ್ಲ. ಅಷ್ಟು ದೊಡ್ಡ ಕ್ರಾಂತಿಯನ್ನೂ ನಾವು ಅಪ್ಪಂದಿರ ಕಥೆಯಾಗಿಯೇ ಹೇಳುತ್ತಿದ್ದೇವೆ.

ದೀಪಾಂಜಲಿ ನಗರದಲ್ಲಿ ನಾವು ಕೆಲವರು ಒಟ್ಟಿಗೆ ಕೂತು ಓದುತ್ತೇವೆ. ಕಲ್ಯಾಣದ ಬಗ್ಗೆ ಅರ್ಧ ಗಂಟೆ ಸೊಗಸಾಗಿ ಮಾತಾಡಿದ ಗೆಳೆಯನೊಬ್ಬ, ತಂಗಿಯ ಮದುವೆ ಮಾತು ಬಂದಾಗ, 'ಅದು ಬೇರೆ ವಿಷಯ, ಮನೆ ಮರ್ಯಾದೆ ಪ್ರಶ್ನೆ' ಎಂದ. 'ಅವಳನ್ನ ಒಂದ್ಸಲ ಕೇಳಿದ್ಯಾ?' ಎಂದಳು ಪಕ್ಕದಲ್ಲಿದ್ದವಳು. ಅವನು ಪುಟ ತಿರುಗಿಸಿದ.

ಈಗ ರಾಜರಿಲ್ಲ, ಸಂವಿಧಾನವಿದೆ. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದರೂ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರ ನೋಟಿಸನ್ನು ಕಚೇರಿಯಲ್ಲಿ ಹಾಕಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಆ 30 ದಿನ ಎಷ್ಟು ಉದ್ದವೆಂದು ಮನೆ ಬಿಟ್ಟು ಬಂದ ಹುಡುಗಿಗೆ ಗೊತ್ತು. ಸಿಂಹಾಸನ ಹೋಯಿತು, ಮಗಳ ಮೇಲಿನ ಕಾವಲು ಹೋಗಿಲ್ಲ.

ನಾಳೆ ನಮ್ಮಲ್ಲೇ ಯಾರೋ ಪಿಎಸ್‌ಐ ಆಗುತ್ತೀರಿ, ಯಾರೋ ಸಬ್ ರಿಜಿಸ್ಟ್ರಾರ್ ಆಗುತ್ತೀರಿ. ಒಂದು ಜೋಡಿ ಹೆದರಿಕೊಂಡು ನಿಮ್ಮ ಮೇಜಿನ ಮುಂದೆ ನಿಲ್ಲುತ್ತದೆ. ಆಗ ಹುಡುಗಿಯ ಅಪ್ಪನಿಗೆ ಫೋನ್ ಮಾಡುವ ಮೊದಲು, ಅವಳ ಹೆಸರು ಕೇಳಿ. ಆಮೇಲೆ ಅವಳು ಹೇಳುವುದನ್ನು ಪೂರ್ತಿ ಕೇಳಿ.