ಮಧ್ಯಾಹ್ನ ಬಾಡಿದ ಗಿಡ ನೋಡಿ ಗಾಬರಿ ಬೇಡ, ಸಂಜೆ ತನಕ ಕಾಯಿರಿ



ನಮ್ಮ ಸಿರುಗುಪ್ಪ, ಕುರುಗೋಡು ಕಡೆ ಒಂದು ರೂಢಿ ಬಿದ್ದೈತೆ. ಮಧ್ಯಾಹ್ನ ಮೆಣಸಿನಗಿಡದ ಎಲೆ ಜೋತುಬಿದ್ದರೆ ಸಾಕು, ಒಬ್ಬರು ಕಾಲುವೆ ನೀರು ತಿರುಗಿಸ್ತಾರೆ, ಇನ್ನೊಬ್ಬರು ಬಳ್ಳಾರಿಗೆ ಹೋಗಿ ಎಣ್ಣೆ ತಂದು ಹೊಡೀತಾರೆ. ಎರಡೂ ದುಡುಕು ಅಂತ ನನ್ನ ಅಭಿಪ್ರಾಯ.

ಎಲೆ ಬಿಸಿಲಿನಿಂದಲೇ ಆಹಾರ ಮಾಡುತ್ತೆ, ನಿಜ. ಆದರೆ ನಮ್ಮ ಮಧ್ಯಾಹ್ನದ ಬಿಸಿಲು ಅದರ ಅಗತ್ಯಕ್ಕಿಂತ ಹೆಚ್ಚು. ಹೆಚ್ಚಾದ ಬೆಳಕು ಒಳಗೇ ಉಳಿದರೆ ಎಲೆಯ ಹಸಿರು ಕೆಡುತ್ತೆ. ಅದಕ್ಕೇ ಎಲೆಯಲ್ಲಿರೋ ಹಳದಿ ಬಣ್ಣದ ವಸ್ತು ಕೆಲವೇ ನಿಮಿಷದಲ್ಲಿ ರೂಪ ಬದಲಿಸಿ, ಹೆಚ್ಚಿನ ಬೆಳಕನ್ನು ಶಾಖವಾಗಿ ಹೊರಗೆ ಬಿಡಲು ನೆರವಾಗುತ್ತೆ. ಬಿಸಿಲು ಇಳಿದ ಮೇಲೆ ಮೊದಲಿನಂಗೆ ಆಗುತ್ತೆ. ನೀರು ಸಾಲದಿದ್ದರೆ ಎಲೆಯ ಸಣ್ಣ ರಂಧ್ರಗಳು ಮುಚ್ಚುತ್ತವೆ. ಜೋತುಬಿದ್ದ ಎಲೆಗೆ ನೇರ ಬಿಸಿಲೂ ಕಡಿಮೆ ತಾಗುತ್ತೆ. ಇಷ್ಟಾದರೂ ದಿನಾ ಸ್ವಲ್ಪ ಹಾನಿ ಇದ್ದೇ ಐತೆ, ಅದನ್ನು ಗಿಡವೇ ರಿಪೇರಿ ಮಾಡ್ಕೊಳ್ಳುತ್ತೆ. ರಿಪೇರಿಗಿಂತ ಹಾನಿ ಹೆಚ್ಚಾದಾಗ ಎಲೆ ಬಿಳಚಿ, ಸುಟ್ಟು ಉದುರುತ್ತೆ.

ಆದ್ದರಿಂದ ಮೂರು ಹೊತ್ತು ನೋಡಿ.

1. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಂತರೆ ಏನೂ ಮಾಡಬೇಡಿ.
2. ಸಂಜೆಗೂ ಬಾಡಿದ್ದು ಬೆಳಗ್ಗೆ ಎದ್ದರೆ ಗೇಣು ಆಳ ಅಗೆದು ನೋಡಿ. ಮಣ್ಣು ಉಂಡೆ ಕಟ್ಟದೆ ಉದುರಿದರೆ ನೀರು ಕೊಡಿ.
3. ಬೆಳಗ್ಗೆಯೂ ಬಾಡಿದ್ದರೆ ಬೇರು ಕಿತ್ತು ನೋಡಿ. ಬೇರು ಕೊಳೆತಿರಬಹುದು, ನೀರು ನಿಂತಿರಬಹುದು, ಹೊಲ ಸವಳಾಗಿರಬಹುದು. ಹಗರಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಸಿರುಗುಪ್ಪ ಸಂಶೋಧನಾ ಕೇಂದ್ರಕ್ಕೋ ಗಿಡ ಒಯ್ದು ತೋರಿಸಿ.

ಮುಟುರು ರೋಗ ಬೇರೆ. ಥ್ರಿಪ್ಸ್ ಇದ್ದರೆ ಎಲೆ ಮೇಲಕ್ಕೆ ಮುದುಡುತ್ತೆ, ನುಸಿ ಇದ್ದರೆ ಕೆಳಕ್ಕೆ. ಅದು ಸಂಜೆಗೆ ಸರಿಹೋಗಲ್ಲ. 2021ರಲ್ಲಿ ಕಪ್ಪು ಥ್ರಿಪ್ಸ್ ಬಂದ ಮೇಲೆ ಹೆದರಿಕೆ ಸಹಜ. ಆದರೂ ಹುಳ ಕಣ್ಣಿಗೆ ಕಾಣದೆ ಎಣ್ಣೆ ಹೊಡೆದರೆ ರೊಕ್ಕ ದಂಡ.

ಎರೆ ಹೊಲಕ್ಕೆ ಬೇಡದ ನೀರು ಬಿಟ್ಟರೆ ಬೇರಿಗೆ ಗಾಳಿ ಸಿಗದೆ ಗಿಡ ಇನ್ನೂ ಬಾಡುತ್ತೆ. ಕಾಲುವೆ ಕೊನೇ ಭಾಗದ ರೈತರಿಗೆ ಅಷ್ಟು ನೀರು ತಪ್ಪುತ್ತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನೀರಿನ ಬೆಲೆ ಎಲ್ಲರಿಗೂ ಗೊತ್ತಾಗೈತೆ. ಮೇಲ್ಭಾಗದ ಅಣ್ಣತಮ್ಮಂದಿರು ತೂಬು ಎತ್ತೋ ಮುಂಚೆ ಒಂದು ಸಂಜೆ ಕಾಯಿರಿ. ನಿಮ್ಮ ಹೊಲದಲ್ಲಿ ಹೆಂಗೈತೆ, ಕೆಳಗೆ ಬರೀರಿ.