ಹತ್ತಿ ತುಂಬಿದ ಮಾತು

ಕಳೆದ ತಿಂಗಳು ಹನೂರು ಕಡೆಯ ತಾಯಿಯೊಬ್ಬರು ನಮ್ಮ ಕಚೇರಿಗೆ ಬಂದು ಒಂದು ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು. "ಇದ್ರಲ್ಲಿ ಏನ್ ಬರ್ದವರೆ ಅಣ್ಣ, ವಸಿ ಓದಿ ಏಳಿ" ಎಂದರು. ಹನ್ನೊಂದು ಪುಟ, ಎಲ್ಲವೂ ಇಂಗ್ಲಿಷ್. ಕೊನೆಯ ಪುಟದಲ್ಲಿ ಆಕೆಯ ಹೆಬ್ಬೆಟ್ಟಿನ ಗುರುತು. ಅದು ಸಂಘದ ಮೂಲಕ ಪಡೆದ ಐವತ್ತು ಸಾವಿರ ರೂಪಾಯಿ ಸಾಲದ ಕರಾರು. ಮೊದಲ ಎರಡು ಪುಟಗಳಲ್ಲಿ ಸಾಲ ಕೊಟ್ಟವರು ತಮ್ಮನ್ನು ತಾವೇ ಹೊಗಳಿಕೊಂಡಿದ್ದರು. ತಮ್ಮದು ವಿಶ್ವದರ್ಜೆಯ ಸೇವೆಯಂತೆ, ಗ್ರಾಮೀಣ ಮಹಿಳೆಯರ ಬಾಳಿನಲ್ಲಿ ಅಭೂತಪೂರ್ವ ಪರಿವರ್ತನೆಯಂತೆ, ಗೌರವಾನ್ವಿತ ಗ್ರಾಹಕರೊಡನೆ ಅವಿಚ್ಛಿನ್ನ ಬಾಂಧವ್ಯವಂತೆ! ಬಡ್ಡಿ ಎಷ್ಟೆಂಬುದು ಮಾತ್ರ ಏಳನೆಯ ಪುಟದಲ್ಲಿ, ಇಪ್ಪತ್ತು ಸಾಲು ಹರಿದ ಒಂದೇ ವಾಕ್ಯದ ನಡುವೆ ಅವಿತು ಕುಳಿತಿತ್ತು. ಇಂಗ್ಲಿಷ್ ಬಲ್ಲ ನಾವಿಬ್ಬರು ಸೇರಿ ಅದನ್ನು ಹುಡುಕಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು.

ಆ ತಾಯಿ ನಮ್ಮನ್ನು ಕೇಳಿದ ಎರಡನೆಯ ಮಾತು ನಮ್ಮ ಮನಸ್ಸನ್ನು ಇನ್ನೂ ಕೊರೆಯುತ್ತಿದೆ. "ಇಷ್ಟೊಂದು ದೊಡ್ಡದಾಗಿ ಬರ್ದವರೆ, ಸರಿಯಾಗೇ ಇರ್ತದೆ ಅಲ್ವ?"

ದೊಡ್ಡದಾಗಿ ಬರೆದದ್ದು ಸರಿಯಾಗಿಯೇ ಇರುತ್ತದೆಂಬ ಈ ನಂಬಿಕೆ ನಮ್ಮ ಜನಕ್ಕೆ ಒಂದೇ ದಿನದಲ್ಲಿ ಬಂದದ್ದಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಹನೂರು ಆ ತಾಲ್ಲೂಕಿನೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರು ಸೀಮೆಯದು. ಮನೆಯಲ್ಲಿ, ಸಂತೆಯಲ್ಲಿ, ಮಗ್ಗದ ಗುಂಡಿಯಲ್ಲಿ ಕನ್ನಡವಾಡುವ ಜನ ಕಲೆಕ್ಟರರ ಕಚೇರಿಗೆ ಹೋಗಬೇಕಾದರೆ ಇಂಗ್ಲಿಷ್ ಅರ್ಜಿ ಬರೆಯಿಸಬೇಕಿತ್ತು. ಆ ಅರ್ಜಿಯ ಇಂಗ್ಲಿಷ್ ಎಂಥದು? ಅರ್ಜಿದಾರನು ಅತ್ಯಂತ ವಿನಮ್ರತೆಯಿಂದ ಬೇಡಿಕೊಳ್ಳುತ್ತಾನೆ, ತಮ್ಮ ಪರಮ ವಿಧೇಯ ಸೇವಕನಾಗಿ ಉಳಿಯುತ್ತಾನೆ! ಕೆರೆಯ ತೂಬು ಒಡೆದಿದೆ ಎಂಬ ಮೂರು ಪದದ ಸಂಗತಿಗೆ ಮೂವತ್ತು ಪದಗಳ ಸಾಷ್ಟಾಂಗ ನಮಸ್ಕಾರ. ಮೇಲಿನಿಂದ ಇಳಿದು ಬರುವ ಇಂಗ್ಲಿಷಿನಲ್ಲಿ ಗತ್ತು, ಕೆಳಗಿನಿಂದ ಹತ್ತಿ ಹೋಗುವ ಇಂಗ್ಲಿಷಿನಲ್ಲಿ ದೈನ್ಯ. ಎರಡರ ನಡುವೆ ತೂಬು ಒಡೆದೇ ಇರುತ್ತಿತ್ತು.

ಇಂಥ ಉಬ್ಬಿದ ಮಾತಿಗೆ ಇಂಗ್ಲಿಷರು ತಮ್ಮ ಭಾಷೆಯಲ್ಲಿ ಏನೆಂದು ಹೆಸರಿಟ್ಟಿದ್ದಾರೆಂಬುದನ್ನು ನಮ್ಮ ನೇಕಾರ ಬಂಧುಗಳೂ ಜವಳಿ ವರ್ತಕರೂ ಅವಶ್ಯವಾಗಿ ತಿಳಿಯಬೇಕು. ಏಕೆಂದರೆ ಆ ಹೆಸರುಗಳಲ್ಲಿ ಹಲವು ಬಟ್ಟೆಯ ಅಂಗಡಿಯಿಂದಲೇ ಹೋದಂಥವು.

ಬಾಂಬಾಸ್ಟ್ ಎಂಬುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಆಡಂಬರದ, ಒಳಗೆ ಹುರುಳಿಲ್ಲದ ಮಾತಿಗೆ ಆ ಹೆಸರು. ಬಾಂಬಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಮೂಲಾರ್ಥ ಹತ್ತಿ. ಹದಿನಾರನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರು ಎದೆ ಹೊಟ್ಟೆಗಳು ಉಬ್ಬಿ ಕಾಣಲೆಂದು ತಮ್ಮ ಅಂಗಿಗಳೊಳಗೆ ಹತ್ತಿ ತುಂಬಿಸುತ್ತಿದ್ದರು. ಒಂದೊಂದು ಅಂಗಿಗೆ ನಾಲ್ಕರಿಂದ ಆರು ಪೌಂಡು ಹತ್ತಿ ತುರುಕುತ್ತಾರೆಂದು ಫಿಲಿಪ್ ಸ್ಟಬ್ಸ್ ಎಂಬಾತ 1583ರಲ್ಲಿ ಬರೆದು ಗೇಲಿ ಮಾಡಿದ್ದಾನೆ. ಹೀಗೆ ಅಂಗಿಯೊಳಗೆ ತುಂಬಿ ಉಬ್ಬಿಸಿದ ಹತ್ತಿಯ ಹೆಸರು ಉಬ್ಬಿಸಿದ ಮಾತಿಗೂ ಅಂಟಿತು. ಇನ್ನೂ ಹಿಂದಕ್ಕೆ ಹೋದರೆ ಸ್ವಾರಸ್ಯ ಹೆಚ್ಚುತ್ತದೆ. ಹತ್ತಿಗೆ ಆ ಹೆಸರು ಬಂದದ್ದು ಗ್ರೀಕ್ ಮತ್ತು ಲ್ಯಾಟಿನ್ನಿನ ಬಾಂಬಿಕ್ಸ್ ಎಂಬ ಪದದಿಂದ; ಬಾಂಬಿಕ್ಸ್ ಎಂದರೆ ರೇಷ್ಮೆ ಹುಳು! ಇವತ್ತಿಗೂ ವಿಜ್ಞಾನಿಗಳು ನಮ್ಮ ಹಿಪ್ಪುನೇರಳೆ ಹುಳುವನ್ನು ಬಾಂಬಿಕ್ಸ್ ಮೋರಿ ಎಂದೇ ಕರೆಯುತ್ತಾರೆ. ನಮ್ಮ ರೈತನ ಮನೆಯ ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಆ ಬಡ ಹುಳುವಿನ ಹೆಸರು ಹತ್ತಿಯ ದಾರಿಯಲ್ಲಿ ಸುತ್ತಿ ಕಡೆಗೆ ಜಂಭದ ಮಾತಿಗೆ ಹೋಗಿ ಸೇರಿತು. ಹುಳು ಮಾತ್ರ ಬಾಯಿಂದ ತೆಗೆಯುವುದೆಲ್ಲ ಗಟ್ಟಿ ನೂಲೇ.

ಫಸ್ಟಿಯನ್ ಎಂಬ ಇನ್ನೊಂದು ಪದವಿದೆ. ಇದೂ ಬೊಗಳೆ ಮಾತಿಗೆ ಇಟ್ಟ ಹೆಸರು, ಇದೂ ಬಟ್ಟೆಯೇ. ನಾರುಬಟ್ಟೆಯ ನೂಲಿಗೆ ಹತ್ತಿ ಸೇರಿಸಿ ನೇಯ್ದ ಒರಟು ದಪ್ಪ ಬಟ್ಟೆ. ಕೈರೋ ಪಕ್ಕದ ಫುಸ್ತಾತ್ ಎಂಬ ಊರಿನಿಂದ ಈ ಹೆಸರು ಬಂತೆನ್ನುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಮ್ಯಾಂಚೆಸ್ಟರಿನಲ್ಲಿ ಇದು ಗಿರಣಿ ಕಾರ್ಮಿಕರ ಉಡುಪಾಗಿತ್ತು. ಎಂಗೆಲ್ಸನು 1845ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿಗತಿಯ ಗ್ರಂಥದಲ್ಲಿ, ಫಸ್ಟಿಯನ್ ಜಾಕೀಟು ಎಂದರೆ ಕೂಲಿಕಾರನೆಂದೇ ಅರ್ಥವಾಗಿತ್ತೆಂದು ಹೇಳಿದ್ದಾನೆ. ಚಾರ್ಟಿಸ್ಟ್ ಚಳವಳಿಯ ನಾಯಕ ಫಿಯರ್ಗಸ್ ಓಕಾನರ್ 1841ರಲ್ಲಿ ಯಾರ್ಕ್ ಸೆರೆಮನೆಯಿಂದ ಬಿಡುಗಡೆಯಾದಾಗ ಬೇಕೆಂದೇ ಫಸ್ಟಿಯನ್ ತೊಟ್ಟು ಹೊರಬಂದನು. ಗಮನಿಸಿ: ಅಂಗಿಗೆ ಹತ್ತಿ ತುಂಬಿಸಿಕೊಂಡವರು ದೊರೆಗಳು, ಆದರೂ ಪೊಳ್ಳು ಮಾತನ್ನು ಬಯ್ಯುವಾಗ ಒರಟು ಬಟ್ಟೆಯ ಹೆಸರನ್ನೂ ಎಳೆದು ತರಲಾಯಿತು. ಚಳಿಗಾಳಿಯಲ್ಲಿ ದುಡಿಯುವವನ ಮೈ ಕಾಯುವ ಬಟ್ಟೆಯಲ್ಲಿ ಪೊಳ್ಳೇನು ಬಂತು? ಪದಕೋಶದಲ್ಲಿಯೂ ವರ್ಗಭೇದವಿದೆಯೆಂದು ನಾವು ಹೇಳಿದರೆ ಕೆಲವರು ನಗುತ್ತಾರೆ. ನಗಲಿ.

ಟಾಡ್ರಿ ಎಂಬುದು ಕಣ್ಣು ಕುಕ್ಕುವ ಅಗ್ಗದ ಥಳಕಿಗೆ ಹೇಳುವ ಮಾತು. ಈಲೀ ಎಂಬ ಊರಿನಲ್ಲಿ ಸಂತ ಆಡ್ರಿಯ ಜಾತ್ರೆಗೆ ಮಾರಾಟಕ್ಕೆ ಬರುತ್ತಿದ್ದ ಕೊರಳ ರೇಷ್ಮೆ ಪಟ್ಟಿಯಿಂದ ಅದು ಹುಟ್ಟಿತು. ಫ್ಲಾನೆಲ್ ಎಂದರೂ ಇಂಗ್ಲೆಂಡಿನ ಆಡುಮಾತಿನಲ್ಲಿ ನುಣುಪಾದ ಜಾರಿಕೆಯ ಮಾತು. ಪಟ್ಟಿಯನ್ನು ಇಲ್ಲಿಗೇ ಬಿಡೋಣ. ನಮ್ಮ ಪತ್ರಿಕೆಯಲ್ಲಿ ನಿಘಂಟಿಗೆ ಸ್ಥಳವಿಲ್ಲ.

ಆದರೆ ಕೊಳ್ಳೇಗಾಲದ ಬೀದಿಯಲ್ಲಿ ದಿನವೂ ಕಿವಿಗೆ ಬೀಳುವ ಒಂದು ಇಂಗ್ಲಿಷ್ ಮಾತನ್ನು ಬಿಡುವಂತಿಲ್ಲ. ಅದು ಆರ್ಟ್ ಸಿಲ್ಕ್. ಆರ್ಟ್ ಎಂದರೆ ಕಲೆ ಎಂದು ನಮ್ಮ ಹೆಣ್ಣುಮಕ್ಕಳು ತಿಳಿಯುತ್ತಾರೆ. ಕಲಾತ್ಮಕ ರೇಷ್ಮೆಯೆಂದುಕೊಂಡು ಹಣ ಕೊಡುತ್ತಾರೆ. ನಿಜವಾಗಿ ಅದು ಆರ್ಟಿಫಿಷಿಯಲ್ ಎಂಬ ಪದದ ಬಾಲ ಕತ್ತರಿಸಿದ ತುಂಡು, ಕೃತಕ ಎಂದರ್ಥ. ಮರದ ತಿರುಳಿನಿಂದ ತೆಗೆದ ರೇಯಾನ್ ನೂಲಿಗೆ ಒಂದು ಕಾಲದಲ್ಲಿ ಇಟ್ಟ ಹೆಸರದು. ರೇಯಾನ್ ಉಡುವುದು ತಪ್ಪಲ್ಲ; ಅದನ್ನು ರೇಯಾನ್ ಎಂದೇ ಮಾರಬೇಕು. ಬಾಲ ಕತ್ತರಿಸಿದ ಈ ಮಾತಿನಿಂದ ಸೋತವರು ಯಾರು? ಗೂಡು ಬೆಳೆದ ರೈತ, ಮಾಂಬಳ್ಳಿಯಲ್ಲಿ ನೂಲು ಬಿಚ್ಚಿದ ಹೆಣ್ಣುಮಗಳು, ಮಗ್ಗದಲ್ಲಿ ಕೂತು ಸೀರೆ ನೇಯ್ದವನು. ಇವರೊಡನೆ ಅಸಲಿ ಮಾಲನ್ನೇ ಇಟ್ಟು ಕಡಿಮೆ ಲಾಭಕ್ಕೆ ಮಾರುವ ಸಣ್ಣ ವರ್ತಕನೂ ಸೋತಿದ್ದಾನೆ.

ಅಸಲು ನಕಲು ಗುರುತಿಸುವುದನ್ನು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸುತ್ತಾರೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಮಣಿ. ರೇಯಾನಾದರೆ ಕಾಗದ ಸುಟ್ಟ ವಾಸನೆ. ಜರಿಯನ್ನು ಕೆರೆದು ಒಳಗಿನ ನೂಲು ನೋಡುತ್ತಾರೆ. ಅದೇ ಮನುಷ್ಯ ಒಂದು ಇಂಗ್ಲಿಷ್ ಕಾಗದ ಕೈಗೆ ಬಂದರೆ ಕೆರೆಯುವುದೂ ಇಲ್ಲ, ಸುಡುವುದೂ ಇಲ್ಲ, ಹೆಬ್ಬೆಟ್ಟು ಒತ್ತಿ ಬರುತ್ತಾನೆ!

ಹಾಗೆಂದು ಕನ್ನಡವೆಲ್ಲ ಶುದ್ಧ ಜರಿಯೆಂದು ನಾವು ಹೇಳಿದರೆ ನಾವೇ ಹತ್ತಿ ತುಂಬಿದಂತಾಗುತ್ತದೆ. ಬಹುಪರಾಕು ನಮ್ಮದೇ ಪದ, ಹೊಗಳುಭಟ್ಟನೂ ನಮ್ಮವನೇ. ಬಡಾಯಿ ಕೊಚ್ಚುವುದಕ್ಕೆ ಜನ ರೈಲು ಬಿಡುವುದೆನ್ನುತ್ತಾರೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ರೈಲು ಮಾರ್ಗ ಮಂಜೂರಾದದ್ದು 1996-97ರಲ್ಲಿ. ಅಂದಿನಿಂದ ಕೊಳ್ಳೇಗಾಲಕ್ಕೆ ರೈಲು ಬಂದಿಲ್ಲ. ರೈಲು ಬಿಡುವವರು ಮಾತ್ರ ಪ್ರತಿ ಚುನಾವಣೆಗೂ ತಪ್ಪದೆ ಬಂದಿದ್ದಾರೆ, ಅಚ್ಚ ಕನ್ನಡದಲ್ಲಿಯೇ ಬಿಟ್ಟಿದ್ದಾರೆ.

ನಮ್ಮ ಪತ್ರಿಕೆಯೂ ನಿರ್ದೋಷಿಯಲ್ಲ. ಶಿವನಸಮುದ್ರದ ವಿದ್ಯುದಾಗಾರವನ್ನು ಏಷ್ಯಾದಲ್ಲೇ ಮೊದಲನೆಯದೆಂದು ನಾವೂ ಬರೆದಿದ್ದೇವೆ. ಅದು 1902ರದು, ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗಿನಲ್ಲಿ 1897ರಲ್ಲೇ ನೀರಿನಿಂದ ವಿದ್ಯುತ್ತು ತೆಗೆದಿದ್ದರು. ಸುಳ್ಳು ಹಿರಿಮೆಯ ಗದ್ದಲದಲ್ಲಿ ನಿಜವಾದ ಸಂಗತಿ ಮುಚ್ಚಿಹೋಯಿತು. ನಮ್ಮ ಕಾವೇರಿಯ ಆ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಯವರ ಯಂತ್ರಗಳಿಗೆ. ಜಲಪಾತದ ಸದ್ದು ಕೇಳುವ ಹಳ್ಳಿಗಳು ಆಗ ಹರಳೆಣ್ಣೆ ದೀಪದಲ್ಲೇ ಇದ್ದವು. ಮೊದಲನೆಯದೋ ಎರಡನೆಯದೋ ಎಂಬುದಕ್ಕಿಂತ ಯಾರಿಗಾಗಿ ಎಂಬುದನ್ನು ನಾವು ಕೇಳಬೇಕಿತ್ತು, ಕೇಳಲಿಲ್ಲ.

ಉತ್ಪ್ರೇಕ್ಷೆ ಎಂಬುದು ನಮ್ಮ ಕಾವ್ಯಶಾಸ್ತ್ರದಲ್ಲಿ ಬಯ್ಗುಳವಲ್ಲ, ಅಲಂಕಾರ. ಯಳಂದೂರಿನ ಮಠದಲ್ಲಿದ್ದ ಷಡಕ್ಷರದೇವ ಹದಿನೇಳನೆಯ ಶತಮಾನದಲ್ಲಿ ರಾಜಶೇಖರ ವಿಳಾಸವನ್ನು ಅಲಂಕಾರ ತುಂಬಿದ ಚಂಪುವಿನಲ್ಲಿ ಬರೆದನು. ಅದೇ ಯಳಂದೂರಿನ ಹೊನ್ನಮ್ಮ, ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು, ಹದಿಬದೆಯ ಧರ್ಮವನ್ನು ಜನ ಹಾಡಿಕೊಳ್ಳುವ ಸಾಂಗತ್ಯದಲ್ಲಿ ಬರೆದಳು. ಆಕೆ ಹೇಳಿದ ಪತಿವ್ರತಾ ಧರ್ಮವನ್ನೆಲ್ಲ ನಾವು ಒಪ್ಪುವವರಲ್ಲ. ಆದರೆ ಹೆಣ್ಣನ್ನು ಹೀಗಳೆಯುವವರಿಗೆ ಆಕೆ ಹಾಕಿದ ಪ್ರಶ್ನೆ ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ. ಇನ್ನು ಹನೂರಿನ ಬೆಟ್ಟದ ಮಾದಪ್ಪನ ಕಥೆ. ದೇವತೆಗಳನ್ನೇ ಜೀತಕ್ಕಿಟ್ಟುಕೊಂಡ ಶ್ರವಣದೊರೆ ಒಂದು ಜೊತೆ ಪಾದರಕ್ಷೆಯ ಬೆಡಗಿಗೆ ಮರುಳಾಗಿ ನಾಶವಾದನೆಂದು ಕಂಸಾಳೆಯವರು ಇರುಳಿಡೀ ಹಾಡುತ್ತಾರೆ. ಅದಕ್ಕಿಂತ ದೊಡ್ಡ ಉತ್ಪ್ರೇಕ್ಷೆ ಬೇಕೆ? ಆದರೆ ಕೇಳುವವನಿಗೆ ಅದು ಕಥೆಯೆಂದು ಗೊತ್ತು. ಬೆಳಗಾದ ಮೇಲೆ ಕಂಸಾಳೆಯವನು ಯಾರ ಹೆಬ್ಬೆಟ್ಟನ್ನೂ ಕೇಳುವುದಿಲ್ಲ.

ಇನ್ನು ಕಾಯಿದೆಯ ವಿಚಾರ. ಇಂಗ್ಲಿಷ್ ನ್ಯಾಯಾಲಯಗಳು ವ್ಯಾಪಾರಿಯ ಬಡಾಯಿಯನ್ನು ಪಫ್, ಅಂದರೆ ಬರೀ ಊದು ಎಂದು ಕ್ಷಮಿಸುತ್ತಿದ್ದವು. 1892ರಲ್ಲಿ ಒಂದು ಔಷಧ ಕಂಪನಿಗೆ ಆ ನೆಪ ಫಲಿಸಲಿಲ್ಲ. ತಮ್ಮ ಹೊಗೆಯುಂಡೆ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ ನೂರು ಪೌಂಡು ಕೊಡುತ್ತೇವೆಂದು ಜಾಹೀರಾತು ಮಾಡಿದ್ದ ಅದನ್ನು ಕಾರ್ಲಿಲ್ ಎಂಬಾಕೆ ಕೋರ್ಟಿಗೆಳೆದು ನೂರು ಪೌಂಡನ್ನೂ ಪಡೆದಳು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿತ್ತಿದೆ. ವಿಶ್ವವಿಖ್ಯಾತ ಎಂದು ಬೋರ್ಡು ಬರೆಯಿಸಲು ಹೊರಟಿರುವ ನಮ್ಮ ಅಂಗಡಿಯ ಮಿತ್ರರು ಪೇಂಟರನಿಗೆ ಮುಂಗಡ ಕೊಡುವ ಮೊದಲು ಇದನ್ನು ಯೋಚಿಸಲಿ.

ಗಿರಣಿಯ ಬಾಗಿಲಿನ ವಿಚಾರದಲ್ಲಿಯೂ ಕಾನೂನು ಎಂದೋ ಮಾತನಾಡಿದೆ. 1946ರ ಸ್ಥಾಯಿ ಆದೇಶಗಳ ಕಾಯಿದೆಯೂ 1948ರ ಕಾರ್ಖಾನೆಗಳ ಕಾಯಿದೆಯೂ ಹೆಚ್ಚು ಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ನೋಟೀಸು ಇರಬೇಕೆಂದು ವಿಧಿಸಿದವು. ರಾಜ್ಯದ ಆಡಳಿತ ಭಾಷೆ ಕನ್ನಡವೆಂಬ ಕಾಯಿದೆ 1963ರಲ್ಲಿ ಬಂತು. ಶಾಸನಸಭೆಯಲ್ಲಿ ಶಾಂತವೇರಿ ಗೋಪಾಲಗೌಡರು ಕನ್ನಡದಲ್ಲೇ ಮಾತನಾಡಿ ಮಂತ್ರಿಗಳಿಂದ ಉತ್ತರ ಪಡೆದರು. ಸಾಲದ ವಿಚಾರವಾಗಿ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನ ಇನ್ನೂ ಸ್ಪಷ್ಟವಾಗಿದೆ. ಕಿರುಸಾಲದ ಕರಾರು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಬಡ್ಡಿ ಮತ್ತು ಶುಲ್ಕಗಳ ಸರಳ ವಿವರಪತ್ರ ಕೊಡಬೇಕು, ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕಕೂಡದು. ಇಷ್ಟಿದ್ದೂ ವಸೂಲಿಯ ಬಲಾತ್ಕಾರ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಆ ತಾಯಿಗೆ ನಾವು ಹೇಳಿದ್ದಿಷ್ಟು: ಕರಾರಿನ ಕನ್ನಡ ಪ್ರತಿ ಕೇಳುವುದು ನಿಮ್ಮ ಹಕ್ಕು, ಕೇಳಿ. ಆಕೆ ಹೇಳಿದಂತೆಯೇ ಬರೆದು ಕೊಟ್ಟ ಅರ್ಜಿ ನಾಲ್ಕು ಸಾಲಿನದು. ವಿನಮ್ರತೆಯೂ ಇರಲಿಲ್ಲ, ವಿಧೇಯ ಸೇವಕಿಯೂ ಇರಲಿಲ್ಲ. "ನನ್ನ ಸಾಲದ ಕಾಗದ ಕನ್ನಡದಲ್ಲಿ ಕೊಡಿ. ಬಡ್ಡಿ ಎಷ್ಟು, ಕಂತು ಎಷ್ಟು, ಎಂದು ಮುಗಿಯುತ್ತದೆ, ತಿಳಿಸಿ" ಎಂದಷ್ಟೇ. ಸಂಘದ ಇನ್ನೂ ಆರು ಮಂದಿ ಹೆಂಗಸರು ಅದರ ಕೆಳಗೆ ರುಜು, ಹೆಬ್ಬೆಟ್ಟು ಹಾಕಿದರು.

ಹದಿನೆಂಟು ದಿನಗಳ ನಂತರ ಉತ್ತರ ಬಂದಿದೆ. ಎರಡು ಪುಟ ಇದೆ, ಇಂಗ್ಲಿಷಿನಲ್ಲಿ. ತಮ್ಮ ಅಮೂಲ್ಯ ಗ್ರಾಹಕರ ಅಭಿಪ್ರಾಯವನ್ನು ಸಂಸ್ಥೆ ಅತ್ಯುನ್ನತ ಗೌರವದಿಂದ ಕಾಣುತ್ತದಂತೆ. ಕನ್ನಡ ಪ್ರತಿಯ ಸುದ್ದಿ ಅದರಲ್ಲಿಲ್ಲ. ಎರಡನೆಯ ಅರ್ಜಿ ಈ ವಾರ ಹೋಗಿದೆ. ಈ ಸಲ ಹತ್ತೊಂಬತ್ತು ಮಂದಿ ಸಹಿ ಮಾಡಿದ್ದಾರೆ, ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರತಿಯನ್ನು ಅದಕ್ಕೆ ಲಗತ್ತಿಸಿದೆ.