ಉದಕಮಂಡಲದ ಒಂದು ಸಭೆ

ಈ ತಿಂಗಳು ಶಾಲೆಯ ಸಮಾಚಾರವನ್ನು ಬದಿಗಿರಿಸಿ, ನಾನು ಕೇಳಿಬಂದ ಒಂದು ಸಭೆಯ ವಿಚಾರವನ್ನು ತಮ್ಮ ಮುಂದಿಡುತ್ತೇನೆ. ಕ್ರೈಸ್ತ ಧರ್ಮದ ಭವಿಷ್ಯವೇನು ಎಂಬುದು ಅಲ್ಲಿಯ ಚರ್ಚೆಯ ವಿಷಯವಾಗಿತ್ತು. ನಾನು ಕ್ರೈಸ್ತನಲ್ಲ. ಬೇರೆಯವರ ಮನೆಯ ಭವಿಷ್ಯವನ್ನು ಕೇಳಲು ನೀವೇಕೆ ಹೋಗಬೇಕೆಂದು ನನ್ನ ಮನೆಯಾಕೆಯೂ ಕೇಳಿದಳು. ಆದರೆ ಕರೆದವರು ನನ್ನ ಹಿರಿಯ ಮಿತ್ರರು. ಕೇತಿಯ ಕಡೆಯ ಬಡಗ ಕ್ರೈಸ್ತ ಮನೆತನದವರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಾಜರಿ ಪುಸ್ತಕ ಬರೆಯುವುದನ್ನು ಕಲಿಸಿಕೊಟ್ಟವರು. ಅವರ ಮಾತನ್ನು ಮೀರಲಾರೆ. “ಮೇಷ್ಟ್ರೇ, ಬರುವಾಗ ಕನ್ನಡಕ ಮರೆಯಬೇಡಿ” ಎಂದು ದೂರವಾಣಿಯಲ್ಲಿ ಹೇಳಿದ್ದರು. ಅದೇಕೆಂದು ಆಗ ತಿಳಿಯಲಿಲ್ಲ.

ಮಸಿನಗುಡಿಯಿಂದ ಬೆಳಗಿನ ಬಸ್ಸು ಹಿಡಿದು, ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಏರಿ ಉದಕಮಂಡಲವನ್ನು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ದೇವಾಲಯದ ಪಕ್ಕದ ಸಭಾಂಗಣದಲ್ಲಿ ನೂರು ಜನರಿರಬಹುದು. ತಮಿಳಿನವರು, ಗೂಡಲೂರಿನಿಂದ ಬಂದ ಮಲಯಾಳಿಗಳು, ಕೆಲವರು ಕ್ಯಾಥೊಲಿಕ್ ಸನ್ಯಾಸಿನಿಯರು, ಹಿಂದಿನ ಸಾಲುಗಳಲ್ಲಿ ಬಡಗ ಮನೆಗಳ ಹಿರಿಯರು. ಭಾಷಣಗಳು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ನಡೆದವು.

ಮೊದಲು ಮಾತನಾಡಿದ ವಿದ್ವಾಂಸರು ಅಂಕಿಗಳನ್ನು ಮುಂದಿಟ್ಟರು. ಲೋಕದ ಕ್ರೈಸ್ತರಲ್ಲಿ ಈಗ ನೂರಕ್ಕೆ 30ಕ್ಕಿಂತ ಹೆಚ್ಚು ಮಂದಿ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿದ್ದಾರೆ; ಯೂರೋಪಿನಲ್ಲಿರುವವರು 22ರಷ್ಟು ಮಾತ್ರ. ಪಾದ್ರಿಗಳನ್ನು ಕಳುಹಿಸಿದ ನಾಡುಗಳಲ್ಲಿ ದೇವಾಲಯಗಳು ಬರಿದಾಗುತ್ತಿವೆ, ಅವರನ್ನು ಬರಮಾಡಿಕೊಂಡ ನಾಡುಗಳಲ್ಲಿ ತುಂಬುತ್ತಿವೆ. ನಮ್ಮ ದೇಶದಲ್ಲಿ 2011ರ ಜನಗಣತಿಯಂತೆ ಕ್ರೈಸ್ತರು ನೂರಕ್ಕೆ 2.3; ನೀಲಗಿರಿಯಲ್ಲಿ ಸುಮಾರು 11. ಆ ಬಳಿಕ ಗೂಡಲೂರಿನ ಒಬ್ಬ ಧರ್ಮಗುರುಗಳು ಎದ್ದು, ತಮ್ಮ ದೇವಾಲಯದಲ್ಲಿ ಮದುವೆಗಿಂತ ಶವಸಂಸ್ಕಾರಗಳೇ ಹೆಚ್ಚೆಂದೂ, ಹುಡುಗ ಹುಡುಗಿಯರೆಲ್ಲ ಕೆನಡಾ, ಇಂಗ್ಲೆಂಡುಗಳಲ್ಲಿರುವರೆಂದೂ ಹೇಳಿದರು. ಚಹಾ ಎಲೆಯ ಬೆಲೆ ಕೊಯ್ಲಿನ ಕೂಲಿಗೂ ಸಾಲದಿರುವಾಗ ಮಕ್ಕಳು ಬೆಟ್ಟದಲ್ಲಿ ಏಕೆ ನಿಲ್ಲುವರೆಂದು ಬಡಗ ತರುಣನೊಬ್ಬನು ಕೇಳಿದನು. ಅದಕ್ಕೆ ವೇದಿಕೆಯ ಮೇಲಿನವರಾರೂ ಉತ್ತರ ಕೊಡಲಿಲ್ಲ. ನನ್ನ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದರೂ ಅದೇ ಪ್ರಶ್ನೆ ಏಳುತ್ತದೆ.

ಭವಿಷ್ಯವನ್ನು ಕುರಿತು ಸಭೆ ಸೇರುವುದು ಇವರಲ್ಲಿ ಹೊಸತೇನಲ್ಲ. 1910ರಲ್ಲಿ ಎಡಿನ್‌ಬರೋ ನಗರದಲ್ಲಿ ಜಗತ್ತಿನ ಮಿಷನರಿಗಳು ಸೇರಿದ್ದರು. ನಮ್ಮ ತಿರುನೆಲ್ವೇಲಿ ಸೀಮೆಯ ಅಜರಯ್ಯನವರು ಅಲ್ಲಿ ನಿಂತು, ಬಿಳಿಯರು ನಮಗೆ ಬೇರೆಲ್ಲವನ್ನೂ ಕೊಟ್ಟಿದ್ದಾರೆ, ಸ್ನೇಹವನ್ನು ಮಾತ್ರ ಕೊಟ್ಟಿಲ್ಲ ಎಂಬ ಅರ್ಥದಲ್ಲಿ ಮಾತನಾಡಿದುದನ್ನು ಈಗಲೂ ಜನ ನೆನೆಯುತ್ತಾರೆ. ಅಲ್ಲಿ ಸೇರಿದವರು ಮುಂದಿನ ದಿನಗಳ ಬಗ್ಗೆ ಬಹಳ ಭರವಸೆಯಿಂದಿದ್ದರು. ನಾಲ್ಕೇ ವರ್ಷಗಳಲ್ಲಿ ಆ ಕ್ರೈಸ್ತ ದೇಶಗಳೇ ಒಂದರ ಮೇಲೊಂದು ಯುದ್ಧಕ್ಕೆ ನಿಂತವು. ಭಾರತದಲ್ಲಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ದೇಶವನ್ನು ಬಿಡಬೇಕಾಯಿತು. ಅವರು ಬಿಟ್ಟುಹೋದ ಸಭೆಗಳನ್ನು ಉಳಿಸಿಕೊಂಡವರು ಹೆಚ್ಚಾಗಿ ಇಲ್ಲಿಯ ಉಪದೇಶಿಗಳು, ಶಾಲಾ ಮಾಸ್ತರರು. ಮಾಸ್ತರನಾದ ನನಗೆ ಇದನ್ನು ಹೇಳುವಲ್ಲಿ ಸ್ವಲ್ಪ ಹೆಮ್ಮೆಯೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಈ ಸಂಗತಿಯನ್ನು ಆ ದಿನ ಯಾರೂ ಪ್ರಸ್ತಾಪಿಸಲಿಲ್ಲ.

ಬಾಸೆಲ್ ಮಿಷನ್ನಿನವರು ಈ ಬೆಟ್ಟಕ್ಕೆ ಬಂದುದು 1846ರಲ್ಲಿ, ಕೇತಿಗೆ. ಕಾಸಾಮೇಜರ್ ಎಂಬ ನಿವೃತ್ತ ಆಂಗ್ಲ ಅಧಿಕಾರಿಯು ಅಲ್ಲಿ ನೆಲೆಸಿ, ಬಡಗರ ಮಕ್ಕಳಿಗಾಗಿ ಶಾಲೆ ತೆರೆದು, ತನ್ನ ಆಸ್ತಿಯನ್ನು ಮಿಷನ್ನಿಗೆ ಬಿಟ್ಟುಹೋದನು. ಮೆಟ್ಸ್ ಎಂಬ ಪಾದ್ರಿಯು ಹಟ್ಟಿಯಿಂದ ಹಟ್ಟಿಗೆ ನಡೆದು ಬಡಗರ ನುಡಿಯಲ್ಲಿಯೇ ಮಾತನಾಡುತ್ತಿದ್ದನು. ಆದರೂ ಮೊದಲನೆಯ ಬಡಗನು ದೀಕ್ಷಾಸ್ನಾನ ಪಡೆದುದು 1858ರಲ್ಲಿ. ಹನ್ನೆರಡು ವರ್ಷಗಳ ದುಡಿಮೆಗೆ ಒಬ್ಬ ಮನುಷ್ಯ! ಆ ಕಾಲದಲ್ಲಿ ಮಿಷನ್ನಿನವರ ಮುದ್ರಣಾಲಯ ಮಂಗಳೂರಿನಲ್ಲಿದ್ದುದರಿಂದ ಇಲ್ಲಿಗೆ ಪುಸ್ತಕಗಳು ಬಂದುದು ಕನ್ನಡದಲ್ಲಿ. 1890ರಲ್ಲಿ ಲೂಕನ ಸುವಾರ್ತೆ ಬಡಗ ನುಡಿಯಲ್ಲಿ ಅಚ್ಚಾದಾಗ ಅದರ ಲಿಪಿಯೂ ಕನ್ನಡವೇ. ಹೀಗೆ ತಮಿಳಿನಲ್ಲಿ ಭವಿಷ್ಯವನ್ನು ಚರ್ಚಿಸುತ್ತಿದ್ದ ಆ ಸಭೆಯ ಬಡಗ ಕುಟುಂಬಗಳಿಗೆ ಅವರ ಧರ್ಮವು ದೊರೆತುದು ನಮ್ಮ ಅಕ್ಷರಗಳ ಮೂಲಕ. (ಬಡಗವು ಕನ್ನಡವೇ, ಬೇರೆ ಭಾಷೆಯೇ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಜನಗಣತಿಯವರು ಅದನ್ನು ಕನ್ನಡದ ಅಡಿಯಲ್ಲಿ ಸೇರಿಸುತ್ತಾರೆ. ಬಡಗರಲ್ಲಿ ಬಹಳ ಮಂದಿ ಅದನ್ನು ಒಪ್ಪುವುದಿಲ್ಲ.)

ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಗ್ರಂಥಗಳ ಪ್ರದರ್ಶನವಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಐದಾರು ಪುಸ್ತಕಗಳನ್ನು ಇರಿಸಿದ್ದರು. ತರುಣರು ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದರು. ಅವುಗಳಲ್ಲೊಂದು ನನ್ನ ಮಿತ್ರರ ಮನೆಯ ಕನ್ನಡ ಬೈಬಲ್ಲು. ಅವರು ಅದನ್ನೆತ್ತಿಕೊಂಡು ಬಂದು ನನ್ನ ಕೈಗಿತ್ತು, “ಓದಿ, ಎಲ್ಲರೂ ಕೇಳಲಿ” ಎಂದರು. ಆಗ ಕನ್ನಡಕದ ಅರ್ಥ ತಿಳಿಯಿತು. ಅವರ ತಂದೆಯವರ ಕಾಲದಲ್ಲಿಯೇ ಮನೆಯ ಓದುಬರಹ ತಮಿಳಿಗೆ ತಿರುಗಿತ್ತು. ನೂರು ಕ್ರೈಸ್ತರ ನಡುವೆ ಆ ಪುಸ್ತಕವನ್ನು ಸರಾಗವಾಗಿ ಓದಬಲ್ಲವನು ಕ್ರೈಸ್ತನಲ್ಲದ ನಾನೊಬ್ಬನೇ ಎಂಬಂತಾಯಿತು.

ಅವರು ತೋರಿಸಿದುದು ಅಚ್ಚಿನ ಪುಟವನ್ನಲ್ಲ. ರಟ್ಟಿನ ಒಳಗಿನ ಖಾಲಿ ಹಾಳೆಗಳನ್ನು. ಅವರ ಮುತ್ತಜ್ಜಿ ಮಿಷನ್ ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಮನೆಯ ಹುಟ್ಟು ಸಾವುಗಳನ್ನು ಬರೆದಿಟ್ಟಿದ್ದಳು. ಅಕ್ಷರ ಕನ್ನಡ, ಮಾತು ಅರ್ಧ ಬಡಗ. 1897ರಲ್ಲಿ ಒಂದು ಗಂಡು ಮಗು. ಮರುವರ್ಷ ಅದರ ಮರಣ. 1899ರಲ್ಲಿ, ಹಟ್ಟಿಯವರು ನಮ್ಮನ್ನು ಹೊರಗೆ ಹಾಕಿದರೆಂಬ ಒಂದೇ ಸಾಲು. ಅದರ ಕೆಳಗೆ ತೇದಿಗಳು, ಪ್ರತಿಯೊಂದು ತೇದಿಯ ಮುಂದೆಯೂ ಒಂದೇ ಮಾತು: ಕತ್ತಲಾದ ಮೇಲೆ ಅಕ್ಕ ಹಾಲು ಇಟ್ಟು ಹೋದಳು. ಅಂತಹ ಹನ್ನೊಂದು ಸಾಲುಗಳನ್ನು ನಾನು ಓದಿದೆನು. ಏಳನೆಯದನ್ನು ಓದುವಾಗ ಸಭಾಂಗಣದಲ್ಲಿ ಮಾತು ನಿಂತಿತ್ತು.

ಅಕ್ಕನೆಂದರೆ ಆಕೆಯ ವಾರಗಿತ್ತಿ ಇರಬೇಕೆಂದು ಮಿತ್ರರು ಊಹಿಸಿದರು. ಮತಾಂತರವಾಗದೆ ಹಟ್ಟಿಯಲ್ಲಿಯೇ ಉಳಿದವಳು, ಹೆತ್ತೆಹಬ್ಬಕ್ಕೆ ಹೋಗುವ ಮನೆಯವಳು. “ಆ ಮನೆಯವರು ಈಗಲೂ ಅಲ್ಲಿಯೇ ಇದ್ದಾರೆ ಮೇಷ್ಟ್ರೇ. ಎದುರಾದರೆ ನಕ್ಕು ಮುಂದೆ ಹೋಗುತ್ತೇವೆ, ಅಷ್ಟೇ. ನಮ್ಮನ್ನು ಹೊರಗೆ ಹಾಕಿದ ಕಥೆಯನ್ನು ಮಾತ್ರ ನಾವು ಕೇಳಿ ಬೆಳೆದದ್ದು. ಹಾಲಿನ ಕಥೆಯನ್ನು ಯಾರೂ ಹೇಳಲಿಲ್ಲ” ಎಂದರು. ಪುಸ್ತಕವು ಅವರ ಮನೆಯ ಕಪಾಟಿನಲ್ಲಿಯೇ ಇತ್ತು. ಓದುವವರಿರಲಿಲ್ಲ.

ಆ ದಿನದ ಭಾಷಣಗಳಲ್ಲಿ ನೆರೆಯವರ ಪ್ರಸ್ತಾಪ ಬಂದುದು ಭಯದ ವಿಷಯವಾಗಿ, ಇಲ್ಲವೇ ಸಂಖ್ಯೆಯ ವಿಷಯವಾಗಿ. ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಪತ್ರಿಕೆಗಳನ್ನು ನಾನೂ ಓದುತ್ತೇನೆ. ಆದರೆ ಈ ಬೆಟ್ಟದಲ್ಲಿ ಆ ಧರ್ಮವು ಮೊದಲ ಕಷ್ಟದ ದಿನಗಳನ್ನು ಕಳೆದದ್ದು ಹೊರಗಿನಿಂದ ಬಂದ ಹಣದಿಂದ ಮಾತ್ರವೇ ಅಲ್ಲ, ಅದನ್ನು ಒಪ್ಪದಿದ್ದ ಮನೆಯ ಹಾಲಿನಿಂದಲೂ ಎಂಬುದಕ್ಕೆ ನನ್ನ ಕೈಯಲ್ಲಿ ಬರಹದ ಸಾಕ್ಷಿಯಿತ್ತು. ಭವಿಷ್ಯದ ಸಭೆಗೆ ಇದಕ್ಕಿಂತ ಉಪಯುಕ್ತವಾದ ಮಾತನ್ನು ಯಾರೂ ಆಡಲಿಲ್ಲವೆಂದು ನನ್ನ ಅಭಿಪ್ರಾಯ.

ಮೊಮ್ಮಗಳಿಗೆ ಓದಲು ಬರುವಂತೆ ಆ ಹಾಳೆಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಡಿರೆಂದು ಮಿತ್ರರು ಪುಸ್ತಕವನ್ನು ನನ್ನೊಡನೆ ಕಳುಹಿಸಿದ್ದಾರೆ. ರಾತ್ರಿ ಊಟವಾದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಎಣಿಸಿದಷ್ಟು ಸುಲಭವಲ್ಲ. ತಮಿಳಿನಲ್ಲಿ ‘ಪ’ಕಾರ ‘ಬ’ಕಾರಗಳಿಗೆ ಒಂದೇ ಅಕ್ಷರ, ‘ಬಡಗ’ ಎಂದು ಬರೆದುದನ್ನೇ ‘ಪಡಗ’ ಎಂದು ಓದಬಹುದು. ಮೊಮ್ಮಗಳಿಗೆ ಕನ್ನಡ ಅಕ್ಷರಗಳನ್ನೇ ಕಲಿಸಿದರೆ ಬೇಗ ಮುಗಿದೀತೆಂದು ಹೇಳಿಕಳುಹಿಸಿದೆನು. ತರಬೇತಿಯ ಕಾಲದಲ್ಲಿ, ಮಗುವಿಗೆ ಮನೆಯ ಮಾತಿನಿಂದಲೇ ಪಾಠ ಆರಂಭಿಸಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ನನ್ನ ಸ್ವಂತ ಮಗನಿಗೆ ಕನ್ನಡ ಓದಲು ಬರುವುದಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಊರಿನ ಮಕ್ಕಳಿಗೆಲ್ಲ ಪಾಠ ಹೇಳುವುದರಲ್ಲಿ ಮನೆಯ ಪಾಠ ಉಳಿದುಹೋಯಿತು.

ನಾಲ್ಕನೆಯ ಹಾಳೆಯಲ್ಲಿ ಹಾಲಿನ ಸಾಲುಗಳು ಮುಗಿಯುತ್ತವೆ. ಅಲ್ಲಿ ‘ಅಕ್ಕನಿಗೆ’ ಎಂದು ಬರೆದ ಮುಂದಿನ ಪದವನ್ನು ಹುಳು ತಿಂದಿದೆ. ಏನನ್ನೋ ಕೊಟ್ಟಳೋ, ಅಕ್ಕನಿಗೆ ಏನಾದರೂ ಆಯಿತೋ ತಿಳಿಯದು. ಹಟ್ಟಿಯ ಮನೆಯಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬರಿದ್ದಾರಂತೆ. ಬರುವ ಭಾನುವಾರ ಆರಾಧನೆ ಮುಗಿದ ಕೂಡಲೇ ಅಲ್ಲಿಗೆ ಹೋಗೋಣ, ಪುಸ್ತಕವನ್ನೂ ತನ್ನಿರೆಂದು ಮಿತ್ರರು ಹೇಳಿದ್ದಾರೆ.